ನೀರು ಬಂದ ದಿನ ಹೋಗುವ ವೈಫೈ

ಮಂಗಳವಾರ, ಜೂನ್ ೧೦

ಇವತ್ತೂ ಮೀಟಿಂಗ್ ನಡುವೆ ವೈಫೈ ಹೋಯಿತು. ಇನ್ನೊಂದು ಸಲ ಹೀಗಾದರೆ ದಿನಾ ಆಫೀಸಿಗೇ ಬರಬೇಕು ಎಂದರು ಮ್ಯಾನೇಜರ್. "ಕೆಲ್ಸಾನೇ ಬಿಟ್ಬಿಡು ಕಣಮ್ಮ, ಯಾಕಷ್ಟು ಒದ್ದಾಡ್ತೀಯ?" ಎಂದರು ಅತ್ತೆ.

ಬಿಡುವುದಿಲ್ಲ.

ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿದ್ದಾಯಿತು, ರೂಟರನ್ನೇ ಬದಲಾಯಿಸಿದ್ದಾಯಿತು. ಒಂದು ದಿನ ಚೆನ್ನಾಗಿರುತ್ತದೆ, ಮರುದಿನ ಕೈಕೊಡುತ್ತದೆ. ಸಂಜೆ ಡ್ರಮ್ಮಿನಿಂದ ನೀರು ಮೊಗೆಯುವಾಗ ಹೊಳೆಯಿತು. ನಲ್ಲಿಯಲ್ಲಿ ನೀರು ಬರುವುದೂ ದಿನ ಬಿಟ್ಟು ದಿನ! ರೂಟರ್ ಇರುವುದು ನಡುಮನೆಯಲ್ಲಿ, ನನ್ನನ್ನು ಕೂರಿಸಿರುವುದು ಅಡುಗೆಮನೆಯ ಹಿಂದಿನ ಉಗ್ರಾಣದಲ್ಲಿ. ನಡುವೆ ಸಾಲಾಗಿ ನೀರಿನ ಡ್ರಮ್ಮುಗಳು. ಅವು ತುಂಬಿದ ದಿನ ಸಿಗ್ನಲನ್ನು ನೀರೇ ನುಂಗುತ್ತದೆ. ಲ್ಯಾಪ್‌ಟಾಪನ್ನು ನಡುಮನೆಗೆ ತಂದು ನೋಡಿದೆ. ಒಮ್ಮೆಯೂ ಕಡಿಯಲಿಲ್ಲ.

"ಡ್ರಮ್ ಕದಲಿಸಂಗಿಲ್ಲ," ಎಂದರು ಅತ್ತೆ.

"ರೂಟರ್ ಒಳಗಿಟ್ರೆ ನನ್ ಫೋನ್‌ಗೆ ಸಿಗಲ್ಲ," ಎಂದರು ಮಾವ.

"ಹಂಗಾದ್ರೆ ನಾನೇ ನಡುಮನೇಲಿ ಕೂತ್ಕೋತೀನಿ," ಎಂದೆ.

ಅತ್ತೆಯ ಕೈಲಿದ್ದ ಚೊಂಬು ಅಲ್ಲೇ ನಿಂತಿತು. "ಮಾವನ ಎದುರಿಗೆ ಕುರ್ಚಿ ಮೇಲಾ? ಜಡಿಗೇನಹಳ್ಳಿ ನೆಂಟ್ರು ಬಂದ್ರೆ ಏನಂದ್ಕೋತಾರೆ?"

ಈ ಮನೆಗೆ ಬಂದಾಗಿನಿಂದ ಮಾವನ ಮುಂದೆ ನಿಂತೇ ಇದ್ದೇನೆ. ನಿಂತುಕೊಂಡು ಟೈಪ್ ಮಾಡಲಾಗುವುದಿಲ್ಲ.

"ಮೇಜು ಒಂದ್ಕಡೆ ಹಿಡೀರಿ," ಎಂದರೆ ನನ್ನ ಗಂಡ ಅಪ್ಪನ ಮುಖ ನೋಡಿದರು. ಒಬ್ಬಳೇ ಎಳೆದೆ. ಮುಂಬಾಗಿಲಿಗೆ ಎದುರಾಗಿಯೇ ಹಾಕಿದ್ದೇನೆ. ನೆಂಟರು ಬರಲಿ, ಅವರಿಗೂ ಕುರ್ಚಿ ಕೊಡುತ್ತೇನೆ, ನನ್ನದನ್ನು ಬಿಟ್ಟು ಏಳುವುದಿಲ್ಲ.

ಉಗ್ರಾಣದಿಂದ ನಡುಮನೆಯವರೆಗೂ ನೆಲದ ಮೇಲೆ ಉದ್ದಕ್ಕೆ ಗೀರು ಬಿದ್ದಿದೆ. ಇರಲಿ. ಬಂದವರು ಅದನ್ನೂ ನೋಡಲಿ.