ಅರ್ಧ ಗಂಟೆಯ ಬೆಲ್ಲ

ಕಲ್ಲುಗುಂಡಿ
೧೨-೩-೧೯೬೪, ಗುರುವಾರ

ಪ್ರೀತಿಯ ದೇರಣ್ಣನಿಗೆ,

ನಿನ್ನ ಕೆಮ್ಮು ಹೇಗುಂಟು? ನೆಲ್ಯಾಡಿಯಲ್ಲಿ ಬೆಳಗ್ಗೆ ಮಂಜು ಜಾಸ್ತಿಯಂತೆ, ಲಾರಿ ಬಿಡುವಾಗ ಕಿವಿಗೆ ಬಟ್ಟೆ ಕಟ್ಟಿಕೋ. ಅತ್ತಿಗೆಯ ಕಾಲುನೋವು ಕಡಿಮೆಯಾಯಿತೇ? ಮೂರನೇ ಕ್ಲಾಸಿಗೇ ನನ್ನ ಶಾಲೆ ಬಿಡಿಸಿದ್ದು ನಿನಗೆ ಗೊತ್ತೇ ಉಂಟು. ಈಗ ಬಲಗೈಯ ಎರಡು ಬೆರಳಿಗೆ ಕಟ್ಟು ಬೇರೆ ಹಾಕಿದೆ. ಅಕ್ಷರ ಓರೆಕೋರೆಯಾದರೆ ಬೈಯಬೇಡ.

ನಿನ್ನ ಭಾವ ಪೂರ್ತಿ ಗುಣವಾಗಿದ್ದಾರೆ. ಮಂಗಳೂರಿನಲ್ಲಿ ಹುಣ್ಣಿಗೆಂದು ಮುಕ್ಕಾಲು ಹೊಟ್ಟೆ ಕೊಯ್ದು ತೆಗೆದು ಹತ್ತು ತಿಂಗಳಾಯಿತು. ಇನ್ನೂರ ಇಪ್ಪತ್ತು ರಾತಲು ಇದ್ದವರು ಈಗ ನೂರ ನಲವತ್ತು. ಸಕ್ಕರೆ ನೋಡಲು ಮೂತ್ರಕ್ಕೆ ನೀಲಿ ಮದ್ದು ಹಾಕಿ ಕಾಯಿಸಿದರೆ ಮೊದಲು ಇಟ್ಟಿಗೆ ಬಣ್ಣ ಬರುತ್ತಿತ್ತಲ್ಲ, ಹೋದ ತಿಂಗಳು ನೀಲಿ ನೀಲಿಯಾಗಿಯೇ ಉಳಿಯಿತು. ಹುಣ್ಣಿಗೆ ಮಾಡಿದ ಆಪರೇಷನ್ನಿಗೆ ಸಕ್ಕರೆ ಕಾಯಿಲೆ ಹೇಗೆ ಹೋಯಿತೆಂದು ಡಾಕ್ಟರಿಗೇ ಆಶ್ಚರ್ಯ. ರಕ್ತದ ಒತ್ತಡವೂ ಇಳಿದಿದೆ. ಎದೆಗೆ ಕೊಳವೆ ಇಟ್ಟು, "ಇಪ್ಪತ್ತು ವರ್ಷದವನ ಎದೆಯ ಹಾಗೆ ಹೊಡೀತಾ ಉಂಟು" ಎಂದರು. ಎಲ್ಲರೂ ನನ್ನನ್ನು ಪುಣ್ಯವಂತೆ ಎನ್ನುತ್ತಾರೆ.

ಆಪರೇಷನ್ನಿನ ದಿನ ನೀನು ಒಂದು ಬಾಟಲಿ ರಕ್ತ ಕೊಟ್ಟು ಹೊರಗೆ ಬಂದು, "ಇದು ಕಾಯಿಲೆಯ ಸಿಟ್ಟು ದೇವಮ್ಮ, ಹೊಟ್ಟೆ ಸರಿಯಾದ್ರೆ ಅದೂ ಹೋದೀತು" ಎಂದೆ. ನಾನೂ ನಂಬಿದೆ. ಸಿಟ್ಟು ಹೋಗಲಿಲ್ಲ ಅಣ್ಣ, ಏದುಸಿರು ಮಾತ್ರ ಹೋಯಿತು. ಮೊದಲು ನಾಲ್ಕು ಏಟು ಹಾಕುವಷ್ಟರಲ್ಲಿ ಅವರಿಗೆ ಉಬ್ಬಸ ಬರುತ್ತಿತ್ತು. ನಾನು ಮನೆಯ ಹಿಂದಿನ ಗುಡ್ಡೆಗೆ ಓಡಿದರೆ ಮೂರನೇ ಮೆಟ್ಟಿಲಲ್ಲಿ ಎದೆ ಹಿಡಿದು ಕೂರುತ್ತಿದ್ದರು. ಆ ಮೂರು ಮೆಟ್ಟಿಲಿನಿಂದಲೇ ನಾನು ಒಂಬತ್ತು ವರ್ಷ ಬದುಕಿದ್ದು. ಈಗ ಗುಡ್ಡೆಯ ತುದಿಯಲ್ಲಿ ನನಗಿಂತ ಮೊದಲು ಅವರು ನಿಂತಿರುತ್ತಾರೆ. "ಓಡು ಮಾರಾಯ್ತಿ, ಡಾಕ್ಟ್ರು ನಂಗೆ ದಿನಾ ನಡೀಲಿಕ್ಕೆ ಹೇಳಿದ್ದಾರೆ" ಎಂದು ನಗುತ್ತಾರೆ. ಕೂದಲು ಹಿಡಿದು ಕಲ್ಲಿನ ಮೇಲೆ ಕೆಳಗಿನವರೆಗೆ ಎಳೆಯುತ್ತಾರೆ. ಗಂಜಿ ಎರಡು ಸೌಟಿಗಿಂತ ಜಾಸ್ತಿ ಇಳಿಯುವುದಿಲ್ಲ, ಅದಕ್ಕೂ ನಾನೇ ಕಾರಣ. ಬೆರಳು ಮುರಿದದ್ದು ಒನಕೆಯಲ್ಲಿ.

ಸೋಮವಾರ ಈಶ್ವರಿ ಅಡ್ಡ ಬಂದಳು. ಏಳು ವರ್ಷದ ಮಗುವನ್ನು ಎತ್ತಿ ಗೋಡೆಗೆ ಎಸೆದರು. ಬಲಗಿವಿಯಿಂದ ರಕ್ತ ಬಂತು. ಈಗ ಆ ಕಡೆಯಿಂದ ಕರೆದರೆ ತಿರುಗುವುದಿಲ್ಲ.

ಹೊಡೆದು ಬೆವತು ಕೂತವರಿಗೂ ನಾನು ಅಭ್ಯಾಸದಲ್ಲಿ, ನೆಂಟರಿಗೆ ಕೊಟ್ಟ ಹಾಗೆ, ಬೆಲ್ಲ ನೀರು ತಂದಿಟ್ಟೆ. ಡಾಕ್ಟರು, "ಹೊಟ್ಟೆ ಕೊಯ್ದವರಿಗೆ ಸಿಹಿ ಮಾತ್ರ ಬೇಡಮ್ಮ, ಬೆವತು ಎದೆ ಹೊಡ್ಕೊಂಡು ಬೀಳ್ತಾರೆ, ಅರ್ಧ ಗಂಟೆ ಮಲಗಿದ್ರೆ ಸರಿ ಆಗ್ತದೆ" ಎಂದದ್ದು ಆಮೇಲೆ ನೆನಪಾಯಿತು. ಅವರಿಗೆ ನೆನಪು ಮಾಡಿದರೆ, "ಸಕ್ಕರೆ ಕಾಯಿಲೆಯೇ ಹೋದ ಮೇಲೆ ಬೆಲ್ಲಕ್ಕೆಂತ ಹೆದರುದು" ಎಂದು ಇನ್ನೊಂದು ತುಂಡು ಬಾಯಿಗೆ ಹಾಕಿದರು. ಸ್ವಲ್ಪ ಹೊತ್ತಿಗೆ ಮೈಯೆಲ್ಲ ನೀರಾಗಿ ಚಾಪೆಗೆ ಬಿದ್ದರು. ಎದ್ದು, ಬಿಸಿಲಿಗೆ ತಲೆ ತಿರುಗಿದ್ದು ಎಂದರು. ನಿನ್ನೆಯೂ ಹಾಗೆಯೇ ಆಯಿತು. ಅವರಿಗೆ ಇನ್ನೂ ಗೊತ್ತಾಗಿಲ್ಲ. ನನಗೆ ಗೊತ್ತಾಗಿದೆ.

ಇದನ್ನು ಒಣಮೀನು ಮಾರುವ ಪಾತು ಸುಳ್ಯದಲ್ಲಿ ಅಂಚೆಗೆ ಹಾಕುತ್ತಾಳೆ. ಉತ್ತರ ಬರೆಯಬೇಡ, ಅವರು ಒಡೆದು ಓದುತ್ತಾರೆ. ಅತ್ತಿಗೆಗೆ ನನ್ನ ನಮಸ್ಕಾರ, ಮಕ್ಕಳಿಗೆ ಮುತ್ತು.

ನಿನ್ನ ತಂಗಿ
ದೇವಮ್ಮ

ಮರೆತದ್ದು: ಬರುವ ಗುರುವಾರ ಹನ್ನೊಂದು ಗಂಟೆಗೆ ಲಾರಿ ತಂದು ಸೇತುವೆಯ ಆಚೆ ನಿಲ್ಲಿಸು. ಎಂಜಿನ್ ಬಂದ್ ಮಾಡಬೇಡ. ಮರ ಕಡಿಯುವ ಕೂಪಿನಿಂದ ಅವರು ಬಂದ ಕೂಡಲೇ ಬೆಲ್ಲದ ದೊಡ್ಡ ತುಂಡು ಕೊಡುತ್ತೇನೆ. ಸತ್ತುಗಿತ್ತು ಹೋಗಬಾರದೆಂದು ತಲೆಗೆ ದಿಂಬು ಕೊಟ್ಟು ಮಗ್ಗುಲಿಗೆ ಮಲಗಿಸಿಯೇ ಹೊರಡುತ್ತೇನೆ. ಮಗುವನ್ನು ಎತ್ತಿಕೊಂಡರೆ ಸೇತುವೆಗೆ ಕಾಲು ಗಂಟೆ. ನಾವಿಬ್ಬರೇ ಬರುತ್ತಿದ್ದರೆ ಇಬ್ಬರನ್ನೂ ಹತ್ತಿಸಿಕೋ. ಹಿಂದಿನಿಂದ ಅವರೂ ಓಡಿ ಬರುತ್ತಿದ್ದರೆ ಈಶ್ವರಿಯನ್ನು ಎಳೆದುಕೊಂಡು ಲಾರಿ ಬಿಡು, ನನಗೆ ಕಾಯಬೇಡ.