ಹೊನ್ನವ್ವನ ಆರು ನಿಮಿಷ

ಜೂನ್ ೧೨, ಗುರುವಾರ. ಅಕ್ಕಿಆಲೂರು

ಮನೆಯ ಸರ್ವರ್ ತುಂಬಿ ಮೂರು ದಿನವಾಯಿತು. ಹತ್ತು ವರ್ಷ ನಾನು ತೆಗೆದ ಮದುವೆಗಳ ವಿಡಿಯೋ ಎಲ್ಲ ಅದರಲ್ಲೇ ಇದೆ. ಹೊಸ ಡಿಸ್ಕ್ ಒಂದು ಸಾಕೇ, ಎರಡು ಬೇಕೇ ಎಂದು ಹಳೆಯ ಫೋಲ್ಡರ್‌ಗಳನ್ನು ತೆರೆದು ನೋಡುತ್ತಿದ್ದೆ. ಒಂದರಲ್ಲಿ, ಹಾನಗಲ್ಲಿನ ಯಾರದೋ ಮದುವೆಯಲ್ಲಿ, ನಮ್ಮೂರ ಅಕ್ಕಿ ಗಿರಣಿಯ ಗುದ್ಲೆಪ್ಪನ ತಾಯಿ ಹೊನ್ನವ್ವ ಸೋಬಾನೆ ಹಾಡುತ್ತಿದ್ದಾಳೆ. ಆರು ನಿಮಿಷ. ಆಕೆ ತೀರಿಕೊಂಡು ನಾಲ್ಕು ವರ್ಷ. ಅವ್ವನ ದನಿ ಎಲ್ಲೂ ಉಳಿಯಲಿಲ್ಲವೆಂದು ಗುದ್ಲೆಪ್ಪ ಇವತ್ತಿಗೂ ಕಂಡವರೆದುರು ಅಳುತ್ತಾನೆ.

ಇದೇ ಗುದ್ಲೆಪ್ಪ ಶಿಗ್ಗಾಂವಿಯಲ್ಲಿ ಮಗಳ ಮದುವೆಗೆ ನನ್ನನ್ನು ಕರೆಸಿ, ಪೆಂಡಾಲಿನ ತುಂಬ ಕೇಳುವಂತೆ, "ಹೆಣ್ಮಗಳು ಏನ್ ಕ್ಯಾಮೆರಾ ಹಿಡಿತಾಳ, ಬ್ಯಾರೆಯವರನ್ನ ಕರಸ್ರಿ" ಎಂದು ವಾಪಸ್ ಕಳಿಸಿದ್ದ. ಬಸ್ಸು ಬರುವವರೆಗೆ ಎರಡು ತಾಸು ಬಿಸಿಲಲ್ಲಿ ನಿಂತಿದ್ದೆ.

ತಂಗಿ ಪೂಜಾ ಹೇಳಿದಳು: "ಅಳಿಸಿಬಿಡಕ್ಕ. ಸೇಡೂ ತೀರ್ತೈತಿ, ಜಾಗಾನೂ ಆಗ್ತೈತಿ."

ಅವಳಿಗೇನು ಗೊತ್ತು. ಎರಡು ಡಿಸ್ಕ್ ತರಿಸುತ್ತೇನೆ. ಆ ಹಾಡು ಎರಡರಲ್ಲೂ ಇರಬೇಕು, ಒಂದು ಕೆಟ್ಟರೆ ಇನ್ನೊಂದು. ಈ ಮನೆಗೇ ಏನಾದರೂ ಆದರೆ ಎಂದು ಮೂರನೆಯ ಪ್ರತಿ ತಡಸದಲ್ಲಿರುವ ದೊಡ್ಡಮ್ಮನ ಮಗಳು ಸುಶೀಲಕ್ಕನ ಮನೆಯಲ್ಲಿ. ಆಮೇಲೆ ಗಿರಣಿಗೆ ಹೋಗಿ, ಹಾಡು ನನ್ನ ಹತ್ತಿರ ಇದೆ ಎಂದಷ್ಟೇ ಹೇಳಿ ಬರುತ್ತೇನೆ.

ಅಳಿಸಿದರೆ ಅವನು ನನ್ನ ಬಾಗಿಲಿಗೆ ಯಾಕೆ ಬರುತ್ತಾನೆ? ಬರಲಿ. ಎರಡು ತಾಸು ನಿಲ್ಲಲಿ, ಬಿಸಿಲಲ್ಲೇ.