ಸೋತವರ ಪ್ರಶ್ನೆ

ಆಗಸ್ಟ್ 22, ಶುಕ್ರವಾರ. ಕೊಟ್ಟೂರು ಹಾಸ್ಟೆಲ್.

ಮೊದಲ ವಾರದ ಇಂಟ್ರಡಕ್ಷನ್‌ನಲ್ಲಿ ಹೆಸರು ಹೇಳಲಾಗದೆ ಕೂತುಬಿಟ್ಟವಳು ನಾನು; ಇವತ್ತು ಇಡೀ ಕಾಲೇಜಿಗೆ ಕ್ವಿಜ್ ನಡೆಸಿದೆ.

ಟಿವಿಯಲ್ಲಿ ಭಾನುವಾರದ ಕ್ವಿಜ್ ನಡೆಸುತ್ತಿದ್ದ ವಿಶ್ವಂಭರ ಸರ್ ತೀರಿಕೊಂಡು ಹತ್ತು ದಿನ. ಅವರ ನೆನಪಿಗೆ ಈ ಕಾರ್ಯಕ್ರಮ. "ಅವರ ಒಂದ್ ಎಪಿಸೋಡೂ ಬಿಟ್ಟಿಲ್ಲಂತಲ್ಲ, ನೀನ ನಡೆಸು" ಎಂದು ನಮ್ಮ ಲೆಕ್ಚರರ್ ಸುಮಲತಾ ಮೇಡಂ ಮೈಕ್ ಕೊಟ್ಟುಬಿಟ್ಟರು. ನಿಜ, ಐದನೇ ಕ್ಲಾಸಿನಿಂದ ಹಾಸ್ಟೆಲ್‌ನಲ್ಲಿರುವ ನನಗೆ ಭಾನುವಾರ ಎಂದರೆ ಸರ್ ದನಿಯೇ.

ಮೊದಲ ರೌಂಡಿನಲ್ಲೇ ಔಟ್ ಆದವನು ಗುಡೇಕೋಟೆಯ ಮೈಲಪ್ಪ. ಮನೆಯಲ್ಲಿ ಕುರಿ ಸಾಕುತ್ತಾರೆ. ಕ್ಲಾಸಿನಲ್ಲಿ ಬಾಯಿಯೇ ಬಿಡುವುದಿಲ್ಲ. "ಲೇ, ಬಂದ ಬಸ್ಸಿಗೇ ವಾಪಸ್ ಹತ್ತಲೇ" ಎಂದು ಹಿಂದಿನ ಬೆಂಚಿನವರು ಕೂಗಿದರು. ಅವನು ತಲೆ ತಗ್ಗಿಸಿ ಸ್ಟೇಜ್ ಇಳಿಯುತ್ತಿದ್ದ.

ಸರ್ ಸೋತವರನ್ನು ಹಾಗೆಯೇ ಕಳಿಸುತ್ತಿರಲಿಲ್ಲ. ಅವರವರ ಕಸುಬಿನ ಬಗ್ಗೆ ತಮಗೇ ಒಂದು ಪ್ರಶ್ನೆ ಕೇಳಿ ಎನ್ನುತ್ತಿದ್ದರು.

"ಮೈಲಪ್ಪ, ನಿಲ್ಲು. ಈಗ ನೀನು ನನ್ನ ಕೇಳು, ನಿನ್ನ ಕುರಿ ಬಗ್ಗೆ" ಎಂದೆ.

ಅವನು ವಾಪಸ್ ಮೈಕಿನ ಹತ್ತಿರ ಬಂದ. ಆಮೇಲೆ, "ಇನ್ನೂರು ಮರಿಯೊಳಗ ತಾಯಿ ಕುರಿ ತನ್ನ ಮರೀನ ಹೆಂಗ ಖಾತ್ರಿ ಮಾಡ್ಕೊಂತೈತಿ?"

"ದನಿಯಿಂದ."

"ದನಿ ಕೇಳಿ ಹತ್ರ ಬರ್ತೈತಿ, ಅಷ್ಟ. ಮೂಸಿ ನೋಡದ ಹಾಲು ಕುಡಸಂಗಿಲ್ಲ. ನೀ ಸೋತಿ."

ಹಾಲ್ ಪೂರ್ತಿ ಚಪ್ಪಾಳೆ. ಸರ್ ಮಾಡುತ್ತಿದ್ದಂತೆಯೇ ನಾನು ಅವನಿಗೆ ಬಾಗಿ ಕೈಮುಗಿದೆ. ಆಮೇಲೆ ಸೋತವರೆಲ್ಲ ಕ್ಯೂ ನಿಂತರು. ಏಳು ಜನ ಕೇಳಿದರು, ಐವರಿಗೆ ಸೋತೆ. ಗೆದ್ದಾಗಲೂ ಯಾವತ್ತೂ ಇಷ್ಟು ಖುಷಿಯಾಗಿರಲಿಲ್ಲ.

"ಮುಂದಿನ ತಿಂಗಳ ಫಂಕ್ಷನ್ನೂ ನೀನ ನಡಸ್ತೀ ಏನು?" ಎಂದರು ಮೇಡಂ.

ಹೆದರಿಕೆ ಬರುವ ಮೊದಲೇ ಹೂಂ ಅಂದಾಗಿತ್ತು.